ತಂದೆ-ತಾಯಿಯೊಂದಿಗೆ ಅಲಾಸ್ಕಾ ಕ್ರೂಸ್: ಹಡಗಿಗಿಂತ ಮೊದಲು ನೋಡಬೇಕಾದದ್ದು

ಮೈಸೂರಿನಿಂದ ಬರಲಿರುವ ತಂದೆ-ತಾಯಿಯನ್ನು ಜೂನ್‌ನಲ್ಲಿ ಸಿಯಾಟಲ್‌ನಿಂದ ಹೊರಡುವ ಏಳು ದಿನಗಳ ಅಲಾಸ್ಕಾ ಕ್ರೂಸ್‌ಗೆ ಕರೆದೊಯ್ಯಲು ಯಾವ ಹಡಗು ಒಳ್ಳೆಯದು, ಬಾಲ್ಕನಿ ಕೋಣೆ ಬೇಕೇ, ಈರುಳ್ಳಿ-ಬೆಳ್ಳುಳ್ಳಿ ತಿನ್ನದ ತಾಯಿಯವರಿಗೆ ಊಟ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಎರಡು ವರ್ಷಗಳ ಹಿಂದೆ ನನ್ನ ತಂದೆ-ತಾಯಿಯೊಂದಿಗೆ ಇದೇ ಪ್ರಯಾಣ ಮಾಡಿ ಬಂದವನಾಗಿ ಹೇಳುತ್ತೇನೆ: ಹಡಗನ್ನು ಹುಡುಕುವ ಮೊದಲು ಪಾಸ್‌ಪೋರ್ಟ್‌ಗಳನ್ನು ತೆರೆದು ನೋಡಿ.

ವಿದೇಶದಲ್ಲಿ ನೋಂದಣಿಯಾದ ಹಡಗುಗಳು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಸಾಗಿಸುವಂತಿಲ್ಲ ಎಂಬ ಕಾನೂನು 1886ರಿಂದಲೂ ಜಾರಿಯಲ್ಲಿದೆ. ದೊಡ್ಡ ಕ್ರೂಸ್ ಹಡಗುಗಳೆಲ್ಲ ಬಹುತೇಕ ಹಾಗೆ ನೋಂದಣಿಯಾದವೇ ಆದ್ದರಿಂದ, ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗು ದಾರಿಯಲ್ಲಿ ಕೆನಡಾದ ಒಂದು ಬಂದರಿನಲ್ಲಿ, ಸಾಮಾನ್ಯವಾಗಿ ವಿಕ್ಟೋರಿಯಾದಲ್ಲಿ, ಕೆಲವು ಗಂಟೆಯಾದರೂ ನಿಲ್ಲುತ್ತದೆ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಇದಕ್ಕಾಗಿ ಕೆನಡಾ ವೀಸಾ ಬೇಕು. 'ನಾವು ಹಡಗಿನಿಂದ ಇಳಿಯುವುದೇ ಇಲ್ಲ' ಎಂಬ ಮಾತು ನಡೆಯುವುದಿಲ್ಲ. ನಿಮ್ಮ ಬಳಿ ಗ್ರೀನ್ ಕಾರ್ಡ್ ಇದ್ದರೆ ನಿಮಗೆ ಆ ವೀಸಾ ಬೇಡ, ಆದರೆ ಅವರಿಬ್ಬರಿಗೆ ಬೇಕೇ ಬೇಕು. ಅವರ ಅಮೆರಿಕ ವೀಸಾ ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವಂಥದ್ದೇ ಎಂಬುದನ್ನೂ ನೋಡಿಕೊಳ್ಳಿ. ದಾಖಲೆ ಇಲ್ಲದವರನ್ನು ಬಂದರಿನಲ್ಲೇ ತಡೆದು ನಿಲ್ಲಿಸುತ್ತಾರೆ, ಕಟ್ಟಿದ ಹಣವೂ ಮರಳಿ ಬರುವುದಿಲ್ಲ. ಅವರು ಇನ್ನೂ ಮೈಸೂರಿನಲ್ಲಿರುವಾಗಲೇ ಅರ್ಜಿ ಹಾಕಿಸಿಬಿಡಿ.

ಇನ್ನು ಹಡಗಿನ ವಿಷಯ. ಈಜುಕೊಳ ಎಷ್ಟಿವೆ, ನಾಟಕಶಾಲೆ ಎಷ್ಟು ದೊಡ್ಡದು ಎಂಬುದನ್ನು ಬದಿಗಿಟ್ಟು, ಅದು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತದೆಯೇ ಎಂಬುದೊಂದನ್ನೇ ಮೊದಲು ನೋಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಅಲ್ಲಿ ಪ್ರವೇಶವಿರುವುದರಿಂದ ಎಲ್ಲ ಹಡಗುಗಳಿಗೂ ಆ ಭಾಗ್ಯವಿಲ್ಲ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ತಂಡ ಅತ್ತ ಬಂದಾಗ ಈ ಕೊಲ್ಲಿ ಬಹುಪಾಲು ಮಂಜುಗಡ್ಡೆಯೇ ಆಗಿತ್ತು; ಈಗ ಆ ಹಿಮ ಸುಮಾರು 65 ಮೈಲಿ ಹಿಂದೆ ಸರಿದು, ಹಡಗು ಹೋಗುವಷ್ಟು ದಾರಿ ತೆರೆದುಕೊಂಡಿದೆ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ಹಡಗು ಹತ್ತಿ ಧ್ವನಿವರ್ಧಕದಲ್ಲಿ ವಿವರಣೆ ಕೊಡುತ್ತಾರೆ. ಮಾರ್ಜರಿ ಹಿಮನದಿಯ ಎದುರು ನಮ್ಮ ಹಡಗು ನಿಂತಾಗ, ಅಷ್ಟು ಜನರಿದ್ದ ಡೆಕ್ ಮೇಲೆ ಪಿಸುಮಾತೂ ಇರಲಿಲ್ಲ. ನೀಲಿ ಗೋಡೆಯಿಂದ ಆಟೋರಿಕ್ಷಾದಷ್ಟು ದೊಡ್ಡ ತುಂಡೊಂದು ಸದ್ದಿಲ್ಲದೆ ಕಳಚಿ ನೀರಿಗೆ ಬಿತ್ತು. ಅದು ಬಿದ್ದ ಮೇಲೆಯೇ, ಒಂದು ಕ್ಷಣ ತಡವಾಗಿ, ಗುಡುಗು ಕೇಳಿಸಿತು. ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಇದನ್ನು ಬಿಳಿ ಗುಡುಗು ಎನ್ನುತ್ತಾರೆ. ನನ್ನ ತಾಯಿ ಶಾಲು ಹೊದ್ದು, ತಣ್ಣನೆಯ ಕಂಬಿ ಹಿಡಿದು ನಿಂತವರು, ಊಟಕ್ಕೆ ಕರೆದರೂ ಬರಲಿಲ್ಲ. ಆ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಬಾಲ್ಕನಿಗೆ ಹಣವಿದ್ದರೆ ಅಲಾಸ್ಕಾದಲ್ಲಿ ಅದು ಸಾರ್ಥಕ, ಏಕೆಂದರೆ ವಯಸ್ಸಾದವರು ಬೆಳಿಗ್ಗೆ ಕಾಫಿ ಹಿಡಿದು ಅಲ್ಲಿಯೇ ಕುಳಿತು ತಿಮಿಂಗಿಲದ ಉಸಿರಿನ ಕಾರಂಜಿಯನ್ನು ಹುಡುಕಬಹುದು. ಆದರೆ ಅದಕ್ಕಿಂತ ಮುಖ್ಯವಾದದ್ದು ಕೋಣೆ ಇರುವ ಜಾಗ: ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಮಹಡಿಯಲ್ಲಿ, ಲಿಫ್ಟಿಗೆ ಹತ್ತಿರವಾಗಿರಲಿ. ಅಲ್ಲಿ ತೂಗಾಟ ಕಡಿಮೆ, ಉದ್ದನೆಯ ಓಣಿಗಳಲ್ಲಿ ನಡೆಯುವ ಕಷ್ಟವೂ ಕಡಿಮೆ. ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯ ಶಾಂತ ನೀರಿನಲ್ಲಿ ಸಾಗಿದರೆ, ಸಿಯಾಟಲ್‌ನವು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಹೊರಬದಿಯಿಂದ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ಆದ್ದರಿಂದ ಮೊದಲ ರಾತ್ರಿ ತಲೆಸುತ್ತು ಬರಬಹುದು. ತಡೆಯುವ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾದ ಮೇಲಲ್ಲ, ಮೊದಲೇ ತೆಗೆದುಕೊಳ್ಳಬೇಕು. ಅವರ ಬಿ.ಪಿ., ಸಕ್ಕರೆಯ ಔಷಧಿಗಳ ಜೊತೆ ಅದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿಕೊಳ್ಳಿ.

ಔಷಧಿಯ ಮಾತು ಬಂದದ್ದರಿಂದ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಬಂದರಿನಲ್ಲಿ ಒಪ್ಪಿಸಿದ ಸೂಟ್‌ಕೇಸ್‌ಗಳು ಕೋಣೆಯ ಬಾಗಿಲಿಗೆ ಬರಲು ಹಲವು ಗಂಟೆ ಹಿಡಿಯುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ತಂದೆಯವರ ಮಾತ್ರೆಗಳ ಡಬ್ಬಿ ಅದರೊಳಗಿತ್ತು; ಸಂಜೆ ಆರಕ್ಕೆ ನುಂಗಬೇಕಾದ ಮಾತ್ರೆ ಸಿಕ್ಕಿದ್ದು ರಾತ್ರಿ ಒಂಬತ್ತೂವರೆಗೆ. ಆ ಮೂರೂವರೆ ಗಂಟೆ ನಾನು ಓಣಿಯಲ್ಲಿಯೇ ಅಡ್ಡಾಡಿದೆ. ಔಷಧಿ, ಪಾಸ್‌ಪೋರ್ಟ್, ಕನ್ನಡಕ, ಒಂದೊಂದು ಸ್ವೆಟರ್ ಕೈಚೀಲದಲ್ಲಿರಲಿ.

ಊಟದ ಬಗ್ಗೆ ಹೆದರಬೇಕಾಗಿಲ್ಲ, ಆದರೆ ತಯಾರಿ ಬೇಕು. ಕನಿಷ್ಠ ಎರಡು ತಿಂಗಳು ಮೊದಲು ಕ್ರೂಸ್ ಕಂಪನಿಗೆ ಬರೆಯಿರಿ. 'ಸಸ್ಯಾಹಾರಿ' ಎಂದಷ್ಟೇ ಬರೆದರೆ ಚೀಸ್ ಹಾಕಿದ ಪಾಸ್ತಾ ಬರುತ್ತದೆ. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಭಾರತೀಯ ಊಟ ಎಂದು ಬಿಡಿಸಿ ತಿಳಿಸಿ. ಹತ್ತಿದ ದಿನ ರಾತ್ರಿಯೇ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಮಾತಾಡಿದರೆ, ಮರುದಿನದ ಊಟವನ್ನು ಹಿಂದಿನ ರಾತ್ರಿಯೇ ಹೇಳಿಡಬಹುದು. ನಮಗೆ ಎರಡನೆಯ ರಾತ್ರಿಯಿಂದ ಅನ್ನ, ಬೇಳೆ, ಪಲ್ಯ ತಪ್ಪಲಿಲ್ಲ. ಬೆಳಗಿನ ಬಫೆಯಲ್ಲಿ ಸಪ್ಪೆ ಮೊಸರು ಇರುತ್ತದೆ. ಅಂಗಡಿಯ ಪೊಟ್ಟಣ ಒಡೆಯದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಜೊತೆಗಿರಲಿ. ವಿದ್ಯುತ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆಗಳಿಗೆ ಹಡಗಿನಲ್ಲಿ ಅನುಮತಿಯಿಲ್ಲ. ಬಫೆಗೆ ಹೋಗುವ ಮುನ್ನ ಸೋಪು ಹಚ್ಚಿ ಕೈ ತೊಳೆಯುವುದನ್ನು ಎಲ್ಲರಿಗೂ ರೂಢಿ ಮಾಡಿಸಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೋರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಬಂದರುಗಳಲ್ಲಿ ದಿನಕ್ಕೊಂದೇ ಕೆಲಸ ಸಾಕು. ಜುನೋದಲ್ಲಿ ಮೆಂಡನ್‌ಹಾಲ್ ಹಿಮನದಿಗೆ ಬಸ್ಸುಗಳಿವೆ, ವೀಕ್ಷಣಾ ಜಾಗದವರೆಗಿನ ದಾರಿಯೂ ಸುಗಮ. ಸ್ಕಾಗ್ವೇಯಲ್ಲಿ ವೈಟ್ ಪಾಸ್ ರೈಲನ್ನು ತಪ್ಪಿಸಬೇಡಿ: ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತೆಂದು ಜನ ಮುಗಿಬಿದ್ದ ಕಾಲದಲ್ಲಿ, 1898ರಲ್ಲಿ ಹಾಕಲು ಆರಂಭಿಸಿದ ಆ ಹಳಿ, 20 ಮೈಲಿಯಲ್ಲಿ ಸುಮಾರು 3,000 ಅಡಿ ಏರುತ್ತದೆ. ರೈಲು ಬೆಟ್ಟ ಏರುವಾಗ ಎಡಬದಿಯ ಆಸನದಲ್ಲಿರಿ. ಮೊಣಕಾಲು ನೋವಿನವರಿಗೆ ಕುಳಿತೇ ಬೆಟ್ಟ ನೋಡುವ ಇಂಥ ಅವಕಾಶ ಇನ್ನೊಂದಿಲ್ಲ. ಕೆಚಿಕನ್ ಮಳೆಯ ಊರು, ಛತ್ರಿಗಿಂತ ರೇನ್‌ಕೋಟ್ ವಾಸಿ. ಅಲಾಸ್ಕಾದ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ ಇರುವುದರಿಂದ, ಫೋನಿನ ಗಡಿಯಾರ ನಂಬದೆ ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಳ್ಳಿ. ಸ್ವಂತವಾಗಿ ಸುತ್ತಲು ಹೋದವರಿಗಾಗಿ ಹಡಗು ಕಾಯುವುದಿಲ್ಲ.

ಟಿಕೆಟ್ ದರದ ಮೇಲೆ ಟಿಪ್ಸ್ ಎಂದು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಸೇರುತ್ತದೆ. ಹಡಗಿನ ವೈದ್ಯರ ಶುಲ್ಕ ದುಬಾರಿ. ಹಳೆಯ ಕಾಯಿಲೆಗಳನ್ನೂ, ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚವನ್ನೂ ಒಳಗೊಂಡ ವಿಮೆ ಮಾಡಿಸದೆ ಅವರನ್ನು ಹತ್ತಿಸಬೇಡಿ.

ವೀಸಾ ಅರ್ಜಿ ಹಾಕಿದ ಮೇಲೆ ಇಲ್ಲಿ ತಿಳಿಸಿ. ಊಟದ ಬಗ್ಗೆ ನಾನು ಕಂಪನಿಗೆ ಬರೆದಿದ್ದ ಪತ್ರವನ್ನು ಹುಡುಕಿ ಇಲ್ಲಿಯೇ ಹಾಕುತ್ತೇನೆ.