ಓದುಗರ ಪ್ರಶ್ನೆಗೆ ಉತ್ತರ: ವೇಗದ ಬಾಸ್ ಬೋಟನ್ನು ಹತೋಟಿಯಲ್ಲಿಡುವ ಬಗೆ

ಪ್ರಶ್ನೆ: ನಾನು ಬೆಂಗಳೂರಿನ ಬನಶಂಕರಿಯವನು, ಕಚೇರಿಯ ಕೆಲಸದ ಮೇಲೆ ಅಮೆರಿಕದ ಟೆಕ್ಸಸ್‌ನಲ್ಲಿದ್ದೇನೆ. ಇಲ್ಲಿ ಮೀನು ಹಿಡಿಯುವ ಹವ್ಯಾಸ ಹತ್ತಿಕೊಂಡು, 20 ಅಡಿ ಉದ್ದದ, 225 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಇರುವ ಹಳೆಯ ಬಾಸ್ ಬೋಟೊಂದನ್ನು (ಬಾಸ್ ಎಂಬ ಮೀನು ಹಿಡಿಯಲು ಬಳಸುವ ವೇಗದ ದೋಣಿ) ಕೊಂಡಿದ್ದೇನೆ. ಗಂಟೆಗೆ 55 ಮೈಲಿಯವರೆಗೆ ನೆಟ್ಟಗೆ ಸಾಗುವ ದೋಣಿ 60 ದಾಟಿದ ಕೂಡಲೇ ಎಡಕ್ಕೂ ಬಲಕ್ಕೂ ತೂಗಾಡತೊಡಗುತ್ತದೆ. ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋದರೆ ತೂಗಾಟ ಇನ್ನಷ್ಟು ಹೆಚ್ಚುತ್ತದೆ. ದೋಷ ದೋಣಿಯದೋ, ನನ್ನದೋ?
— ಓದುಗರು, ಬನಶಂಕರಿ

ಉತ್ತರ: ನೀವು ವರ್ಣಿಸಿರುವುದನ್ನು ದೋಣಿ ನಡೆಸುವವರು ‘ಚೈನ್ ವಾಕ್’ ಎನ್ನುತ್ತಾರೆ. ಇಲ್ಲಿ ‘ಚೈನ್’ ಎಂದರೆ ಸರಪಳಿಯಲ್ಲ, ದೋಣಿಯ ತಳವೂ ಬದಿಯೂ ಕೂಡುವ ಅಂಚು. ಇದರಲ್ಲಿ ದೋಣಿಯ ಸ್ವಭಾವದ ಪಾಲೂ ಇದೆ, ನಡೆಸುವವರ ಕೈಯ ಪಾಲೂ ಇದೆ. ಆದ್ದರಿಂದ ಮೊದಲು ಕಾರಣವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಬಾಸ್ ಬೋಟಿನ ತಳ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿದ್ದು, ಹಿಂಬದಿಯಲ್ಲಿ ನಟ್ಟನಡುವೆ ‘ಪ್ಯಾಡ್’ ಎಂಬ ಕಿರಿದಾದ ಸಮತಟ್ಟು ಭಾಗವಿರುತ್ತದೆ. ನಿಂತಿರುವಾಗ ನೀರಿನಲ್ಲಿ ಮುಳುಗಿರುವ ತಳ, ವೇಗ ಏರಿದಂತೆ ನೀರಿನ ಮೇಲಕ್ಕೆ ಎದ್ದು ಜಾರತೊಡಗುತ್ತದೆ. ಟ್ರಿಮ್ ಗುಂಡಿ ಒತ್ತಿ ದೋಣಿಯ ಹಿಂಬದಿಗೆ ಹೊರಗೆ ಜೋಡಿಸಿರುವ ಎಂಜಿನ್ ಅನ್ನು ಹೊರಮುಖವಾಗಿ ವಾಲಿಸಿದಾಗ ದೋಣಿಯ ಮುಂಭಾಗ ಇನ್ನೂ ಮೇಲೇರಿ, ಪೂರ್ಣ ವೇಗದಲ್ಲಿ ಹಿಂಬದಿಯ ಕೆಲವೇ ಅಡಿಗಳಷ್ಟು ಪ್ಯಾಡ್ ಮಾತ್ರ ನೀರನ್ನು ತಾಗಿಕೊಂಡಿರುತ್ತದೆ. ನೀರಿನ ಎಳೆತ ಕಡಿಮೆಯಾಗಿ ವೇಗ ಸಿಗುವುದು ಇದರಿಂದಲೇ. ಆದರೆ ಎರಡೂ ಬದಿಯ ಇಳಿಜಾರುಗಳು ನೀರನ್ನು ಬಿಟ್ಟಿರುವುದರಿಂದ ದೋಣಿಗೆ ಅಡ್ಡ ಆಸರೆಯೂ ಆಗ ಇಲ್ಲವಾಗುತ್ತದೆ. ಸಾಮಾನ್ಯವಾಗಿ ಪ್ರೊಪೆಲರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಅದರ ಪ್ರತಿಬಲ ದೋಣಿಯನ್ನು ಎಡಕ್ಕೆ ವಾಲಿಸುತ್ತದೆ. ಎಡಬದಿ ನೀರಿಗೆ ಬಡಿದು ಪುಟಿದಾಗ ದೋಣಿ ಬಲಕ್ಕೆ ಉರುಳುತ್ತದೆ, ಬಲಬದಿ ಬಡಿದು ಮತ್ತೆ ಎಡಕ್ಕೆ. ಈ ತೂಗಾಟವನ್ನು ಕಣ್ಣಿನಿಂದ ಕಂಡು ಆಮೇಲೆ ಸ್ಟೀರಿಂಗ್ ತಿರುಗಿಸುವಷ್ಟರಲ್ಲಿ ದೋಣಿ ಆಗಲೇ ಇನ್ನೊಂದು ಬದಿಗೆ ಹೊರಟಿರುತ್ತದೆ. ತಡವಾಗಿ ಬಂದ ನಿಮ್ಮ ತಿದ್ದುಪಡಿ ಆ ತೂಗಾಟಕ್ಕೇ ಬಲ ಕೊಡುತ್ತದೆ.

ಹಾಗಾಗಿ ಮೊದಲ ತೂಗು ಮೈಗೆ ತಿಳಿದ ಕ್ಷಣವೇ ಥ್ರಾಟಲನ್ನು (ವೇಗ ಏರಿಳಿಸುವ ನಿಯಂತ್ರಕ) ಸ್ವಲ್ಪವೇ ಸಡಿಲಿಸಿ, ಟ್ರಿಮ್ಮನ್ನು ಒಂದಿಷ್ಟು ಒಳಕ್ಕೆ ತನ್ನಿ. ತಳದ ಹೆಚ್ಚು ಭಾಗ ನೀರಿಗೆ ತಾಗಿದೊಡನೆ ದೋಣಿ ನೆಲೆಗೊಳ್ಳುತ್ತದೆ. ಗಾಬರಿಯಿಂದ ಥ್ರಾಟಲನ್ನು ಒಮ್ಮೆಗೇ ಪೂರ್ತಿ ಬಿಡುವುದು ಮಾತ್ರ ಎಂದಿಗೂ ಬೇಡ: ಎತ್ತರಕ್ಕೆ ಎದ್ದಿದ್ದ ಮುಂಭಾಗ ಧಪ್ಪನೆ ಕುಸಿದು, ಅದರ ಚೂಪಾದ ಅಂಚು ನೀರನ್ನು ಕಚ್ಚಿದರೆ, ಹಿಂಭಾಗ ಗಿರ್ರನೆ ಸುತ್ತಿಕೊಂಡು ಬಂದು ಒಳಗಿದ್ದವರನ್ನು ಹೊರಗೆಸೆಯಬಹುದು. ತಿರುವಿನಲ್ಲಿಯೂ ಇದೇ ಎಚ್ಚರ ಬೇಕು. ವೇಗ ಇಳಿಸಿ, ಟ್ರಿಮ್ ಒಳಗೆ ತಂದು, ಅನಂತರವೇ ತಿರುಗಿಸಬೇಕು. ಟ್ರಿಮ್ ಹೊರಗಿರುವಾಗ ತಿರುಗಿಸಿದರೆ ಪ್ರೊಪೆಲರ್ ಗಾಳಿ ಎಳೆದುಕೊಂಡು ಹಿಡಿತ ಕಳೆದುಕೊಳ್ಳುತ್ತದೆ, ಆ ಹಿಡಿತ ಥಟ್ಟನೆ ಮರಳಿದಾಗ ದೋಣಿ ಅನಿರೀಕ್ಷಿತವಾಗಿ ಎಳೆಯುತ್ತದೆ.

ನಿಮ್ಮದು ಹಳೆಯ ದೋಣಿಯಾದ್ದರಿಂದ ಸ್ಟೀರಿಂಗನ್ನು ಪರೀಕ್ಷಿಸದೆ ಮತ್ತೆ ವೇಗಕ್ಕೆ ಹೋಗಬೇಡಿ. ದೋಣಿ ಟ್ರೈಲರ್ ಮೇಲಿದ್ದು ಎಂಜಿನ್ ಆಫ್ ಆಗಿರುವಾಗ ಒಬ್ಬರು ಸ್ಟೀರಿಂಗ್ ಚಕ್ರವನ್ನು ಅಲುಗದಂತೆ ಹಿಡಿದಿರಲಿ, ಇನ್ನೊಬ್ಬರು ಎಂಜಿನ್‌ನ ಕೆಳಭಾಗವನ್ನು ಅಡ್ಡಡ್ಡ ಅಲುಗಾಡಿಸಿ ನೋಡಲಿ. ಅಲ್ಲಿ ಸಡಿಲವಿದ್ದರೆ ಎಷ್ಟೇ ನುರಿತ ಕೈಯಾದರೂ ದೋಣಿಯನ್ನು ನೆಟ್ಟಗಿಡುವುದು ಕಷ್ಟ. ಕೇಬಲ್ ಸ್ಟೀರಿಂಗ್ ಇದ್ದರೆ ಹೈಡ್ರಾಲಿಕ್‌ಗೆ ಬದಲಾಯಿಸುವ ಖರ್ಚಿಗೆ ಹಿಂಜರಿಯಬೇಡಿ. ಹೈಡ್ರಾಲಿಕ್ಕೇ ಇದ್ದರೆ ಅದರೊಳಗೆ ಸೇರಿರುವ ಗಾಳಿಯನ್ನು ತೆಗೆಸಿ. ಎಂಜಿನ್ ಕೂರಿಸಿರುವ ಬೋಲ್ಟುಗಳು, ಪ್ರೊಪೆಲರ್ ರೆಕ್ಕೆಗಳ ಅಂಚು, ದೋಣಿಯೊಳಗಿನ ಭಾರ ಒಂದೇ ಬದಿಗೆ ಬಿದ್ದಿದೆಯೇ ಎಂಬುದು, ಇವನ್ನೂ ನೋಡಬೇಕು. ಎಂಜಿನ್ ಅನ್ನು ಅದರ ಎತ್ತರ ಬದಲಿಸುವ ಜ್ಯಾಕ್ ಪ್ಲೇಟ್ ಮೇಲೆ ತೀರ ಎತ್ತರಕ್ಕೆ ಕೂರಿಸಿದ್ದರೆ ತಂಪಾಗಿಸುವ ನೀರು ಸಾಲದೆ ಹೋಗುತ್ತದೆ, ನೀರಿನ ಒತ್ತಡದ ಮಾಪಕದ ಮೇಲೆ ಕಣ್ಣಿರಲಿ.

ಇನ್ನು ಅಭ್ಯಾಸದ ಮಾತು. ಥ್ರಾಟಲ್ ಕೈಯಲ್ಲಿದ್ದರೆ ಸ್ಟೀರಿಂಗ್ ಮೇಲೆ ಒಂದೇ ಕೈ ಉಳಿಯುತ್ತದೆ. ಕಾಲಿನಿಂದ ಒತ್ತುವ ಥ್ರಾಟಲನ್ನೂ ಸ್ಟೀರಿಂಗ್ ಪಕ್ಕದಲ್ಲೇ ಬೆರಳಿಗೆ ಸಿಗುವ ಟ್ರಿಮ್ ಸ್ವಿಚ್ಚನ್ನೂ ಹಾಕಿಸಿಕೊಂಡರೆ ಎರಡೂ ಕೈ ಚಕ್ರದ ಮೇಲಿರುತ್ತವೆ. ಜನವಿಲ್ಲದ ಅಗಲವಾದ ನೀರಿನಲ್ಲಿ, ಅನುಭವಿಗಳೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತೂಗಾಟ ಶುರುವಾಗುವ ವೇಗಕ್ಕಿಂತ ತುಸು ಕೆಳಗೇ ಬಹಳ ಹೊತ್ತು ಓಡಿಸಿ. ದೋಣಿ ವಾಲುವ ಮೊದಲೇ, ಕಣ್ಣಿಗೆ ಕಾಣದಷ್ಟು ಚಿಕ್ಕ ತಿದ್ದುಪಡಿಗಳನ್ನು ಕೈ ತಾನಾಗಿ ಮಾಡತೊಡಗಿದ ಮೇಲೆ ಒಂದೆರಡು ಮೈಲಿಯಷ್ಟೇ ಏರಿಸಿ. ಮೊದಲ ವರ್ಷ 60 ಮೈಲಿ ದಾಟುವ ಅಗತ್ಯ ನಿಮಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ವೇಗದಲ್ಲಿ ದೋಣಿ ಸೆಕೆಂಡಿಗೆ 88 ಅಡಿ ಸಾಗುತ್ತದೆ, ಅದಕ್ಕೆ ಬ್ರೇಕ್ ಇಲ್ಲ. ಟೆಕ್ಸಸ್‌ನ ಸ್ಯಾಮ್ ರೇಬರ್ನ್, ಟೊಲೆಡೊ ಬೆಂಡ್‌ನಂತಹ ಜಲಾಶಯಗಳಲ್ಲಿ ಮುಳುಗಿದ ಮರಗಳ ಬೊಡ್ಡೆಗಳು ಇಂದಿಗೂ ನಿಂತಿವೆ. ಅಲ್ಲಿ ಗುರುತು ಹಾಕಿದ ದೋಣಿ ದಾರಿಯನ್ನು ಬಿಟ್ಟು ವೇಗವಾಗಿ ಹೋಗುವಂತೆಯೇ ಇಲ್ಲ.

ಬೆಂಗಳೂರಿನ ರಸ್ತೆಗಳಲ್ಲಿ ಎಡಕ್ಕೆ ಒತ್ತಿ ಹೋಗಿ ರೂಢಿಯಾದ ನೀವು ಇನ್ನೊಂದು ವಿಷಯವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಎದುರಿಗೆ ನೇರವಾಗಿ ಎಂಜಿನ್ ದೋಣಿ ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ನಿಮ್ಮ ಬಲಗಡೆಯಿಂದ ಅಡ್ಡ ಬರುವ ದೋಣಿಗೆ ನೀವೇ ದಾರಿ ಬಿಡಬೇಕು. ಅಲ್ಲದೆ, 1993ರ ಸೆಪ್ಟೆಂಬರ್ 1ರಂದು ಅಥವಾ ಅನಂತರ ಹುಟ್ಟಿದವರು ಇಂತಹ ದೋಣಿ ನಡೆಸಲು ದೋಣಿ ಶಿಕ್ಷಣದ ಪ್ರಮಾಣಪತ್ರ ಪಡೆದಿರಬೇಕೆಂಬುದು ಟೆಕ್ಸಸ್‌ನ ನಿಯಮ. ನೀವು ಅದಕ್ಕಿಂತ ಹಿರಿಯರಾಗಿದ್ದರೂ ಆ ಶಿಕ್ಷಣ ಪಡೆಯಿರಿ.

ಪ್ರಶ್ನೆ: ಮಗಳು ಮತ್ತು ಅಳಿಯ ಅಮೆರಿಕದಲ್ಲಿ ಇಂತಹ ದೋಣಿಯಲ್ಲಿ ಹೋಗುತ್ತಾರೆ. ಅಳಿಯ ಮೈಗೆ ಒಂದು ಸುರುಳಿ ದಾರವನ್ನು ಕಟ್ಟಿಕೊಂಡಿರುವುದನ್ನು ಫೋಟೋದಲ್ಲಿ ಕಂಡೆ. ಅದು ಏತಕ್ಕೆ? ಮಗಳು ಏನು ಎಚ್ಚರ ವಹಿಸಬೇಕು?
— ಓದುಗರು, ಮಲ್ಲೇಶ್ವರ

ಉತ್ತರ: ನಿಮ್ಮ ಅಳಿಯಂದಿರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ನಡೆಸುವವರು ನೀರಿಗೆ ಬಿದ್ದರೆ ಆ ದಾರ ಎಂಜಿನ್ ನಿಲ್ಲಿಸುವ ಸ್ವಿಚ್ಚಿನಿಂದ ಕಿತ್ತುಬಂದು ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಚಾಲಕರಿಲ್ಲದ ದೋಣಿ ಸುತ್ತು ಹಾಕಿಕೊಂಡು, ಬಿದ್ದವರ ಮೇಲೆಯೇ ಪ್ರೊಪೆಲರ್ ಸಮೇತ ಮರಳಿ ಬರುವ ಅಪಾಯವಿದೆ. 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಈ ಸ್ವಿಚ್ ಇದ್ದರೆ, ವೇಗವಾಗಿ ಹೋಗುವಾಗ ಅದನ್ನು ಬಳಸಬೇಕೆಂಬ ಕೇಂದ್ರ ಸರ್ಕಾರದ ನಿಯಮ ಅಲ್ಲಿ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ನಿಮ್ಮ ಮಗಳು ಗಾಳಿ ತುಂಬಿಕೊಳ್ಳುವ ತೆಳು ಲೈಫ್ ಜಾಕೆಟ್ಟಿಗಿಂತ, ಮೈಗೆ ಬಿಗಿಯಾಗಿ ಕೂರುವ ಫೋಮ್ ಜಾಕೆಟ್ ತೊಡುವುದು ಉತ್ತಮ, ಏಕೆಂದರೆ ವೇಗದಲ್ಲಿ ನೀರಿಗೆ ಬಿದ್ದಾಗ ನೀರಿನ ಪೆಟ್ಟೇ ದೊಡ್ಡದು. ದೋಣಿ ಓಡುತ್ತಿರುವಾಗ ಮುಂಭಾಗದಲ್ಲಿ ಮೀನು ಹಿಡಿಯಲು ಇಟ್ಟಿರುವ ಎತ್ತರದ ಕುರ್ಚಿಯಲ್ಲಿ ಕೂರಬಾರದು. ಚಾಲಕರ ಪಕ್ಕದ ತಗ್ಗಿನ ಆಸನದಲ್ಲೇ ಕುಳಿತು ಹಿಡಿಕೆಯನ್ನು ಹಿಡಿದಿರಬೇಕು. ವೇಗ ಕಡಿಮೆ ಮಾಡಿ ಎಂದು ಅವರು ಹೇಳಿದರೆ ಅಳಿಯಂದಿರು ಕೂಡಲೇ ಕೇಳುವಂತೆ ಮೊದಲೇ ಮಾತಾಗಿರಲಿ.

ಪ್ರಶ್ನೆ: ಬೆಂಗಳೂರಿನ ಕೆರೆಗಳಲ್ಲಿ ಇಂತಹ ದೋಣಿಯನ್ನು ಓಡಿಸಿ ಕಲಿಯಬಹುದೇ?
— ವಿದ್ಯಾರ್ಥಿ, ಹಲಸೂರು

ಉತ್ತರ: ಬೇಡ. ನಮ್ಮ ಕೆರೆಗಳು ಚಿಕ್ಕವು, ಆಳ ಕಡಿಮೆ, ಹಲವೆಡೆ ಜಲಕಳೆ ಹಬ್ಬಿದೆ; ಅದು ಎಂಜಿನ್ನಿಗೆ ನೀರೆಳೆಯುವ ಕಿಂಡಿಗಳನ್ನೇ ಮುಚ್ಚಿಬಿಡುತ್ತದೆ. ಅಲೆಯ ಹೊಡೆತದಿಂದ ದಡದ ಹಕ್ಕಿಗಳ ಗೂಡುಗಳಿಗೂ ಹಾನಿ. ನೀರಿನ ಮೇಲಿನ ಹಿಡಿತವನ್ನು ಕಲಿಯುವ ಆಸೆಯಿದ್ದರೆ ಮೊದಲು ಈಜು ಕಲಿಯಿರಿ, ಆಮೇಲೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಡೆಸುವ ಜಲಸಾಹಸ ತರಬೇತಿಗಳ ವಿವರವನ್ನು ವಿಚಾರಿಸಿ.