ಹಾಂಗ್‌ಕಾಂಗ್: ಮತದಾನದ ಭರವಸೆ ಇರುವುದು ಯಾವ ದಾಖಲೆಯಲ್ಲಿ?

ಹಾಂಗ್‌ಕಾಂಗ್‌ನ ಸಾರ್ವಭೌಮತ್ವ ಮತ್ತು ಮತದಾನದ ಬಗ್ಗೆ ಪ್ರಬಂಧ ಬರೆಯುತ್ತಿರುವ ನೀವು ತಪ್ಪು ದಾಖಲೆಯಲ್ಲಿ ಹುಡುಕುತ್ತಿದ್ದೀರಿ ಅನಿಸುತ್ತದೆ. ಹಾಂಗ್‌ಕಾಂಗ್ ಜನರಿಗೆಲ್ಲ ಮತದಾನದ ಹಕ್ಕು ಕೊಡುವ ಮಾತು 1984ರ ಚೀನಾ-ಬ್ರಿಟನ್ ಜಂಟಿ ಘೋಷಣೆಯಲ್ಲಿ (ಹಾಂಗ್‌ಕಾಂಗನ್ನು ಚೀನಾಕ್ಕೆ ಮರಳಿಸುವ ಒಪ್ಪಂದ) ಸಿಗುತ್ತಿಲ್ಲ ಅಂದಿರಿ. ಅದು ಅಲ್ಲಿ ಇಲ್ಲವೇ ಇಲ್ಲ. ಆಡಳಿತದ ಮುಖ್ಯಸ್ಥರನ್ನು ಸ್ಥಳೀಯ ಚುನಾವಣೆ ಅಥವಾ ಸಮಾಲೋಚನೆಯಿಂದ ಆರಿಸಬೇಕು, ಬೀಜಿಂಗ್ ನೇಮಿಸಬೇಕು, ಶಾಸನಸಭೆಗೆ ಚುನಾವಣೆ ನಡೆಯಬೇಕು. ಅಲ್ಲಿರುವುದು ಇಷ್ಟೇ.

ಮೊದಲು 1990ರ 'ಮೂಲ ಕಾನೂನು', ಅಂದರೆ ಹಾಂಗ್‌ಕಾಂಗ್‌ಗೆ ಸಂವಿಧಾನದಂತಿರುವ ಚೀನಾದ ಕಾನೂನು, ತೆಗೆದು 45 ಮತ್ತು 68ನೇ ವಿಧಿ ಓದಿ. ಸಾರ್ವತ್ರಿಕ ಮತದಾನವೇ ಕೊನೆಯ ಗುರಿ ಎಂದು ಬರೆದಿರುವುದು ಅಲ್ಲಿ. ಆದರೆ ಗಡುವು ಇಲ್ಲ. 45ರಲ್ಲಿ ಇನ್ನೊಂದು ಗಂಟು ಇದೆ: ಅಭ್ಯರ್ಥಿಗಳನ್ನು ಒಂದು ನಾಮನಿರ್ದೇಶನ ಸಮಿತಿ ಸೂಚಿಸಬೇಕು. 2014ರ ಕೊಡೆ ಚಳವಳಿಯ (ಹಾಂಗ್‌ಕಾಂಗ್‌ನ ಪ್ರಜಾಪ್ರಭುತ್ವ ಪರ ಪ್ರತಿಭಟನೆ) ಜಗಳ ಇದರ ಸುತ್ತಲೇ ನಡೆದದ್ದು, ಇದನ್ನು ಬಿಟ್ಟರೆ ನಿಮ್ಮ ಪ್ರಬಂಧ ಕುಂಟುತ್ತದೆ.

ಆಮೇಲೆ 158ನೇ ವಿಧಿ. ಈ ಕಾನೂನಿನ ಅರ್ಥ ಹೇಳುವ ಅಧಿಕಾರ ಚೀನಾ ಸಂಸತ್ತಿನ ಸ್ಥಾಯಿ ಸಮಿತಿಯದು. ನನ್ನ ಪ್ರಕಾರ ಸಾರ್ವಭೌಮತ್ವದ ಪ್ರಶ್ನೆ, ಅಂದರೆ ಕೊನೆಯ ಮಾತು ಯಾರದು ಎಂಬ ಪ್ರಶ್ನೆ, ಇರುವುದೇ ಇಲ್ಲಿ. ನಂತರ ಚುನಾವಣಾ ನಿಯಮಕ್ಕೆ ಚೀನಾ ತಂದ 2021ರ ತಿದ್ದುಪಡಿ ನೋಡಿ: ಶಾಸನಸಭೆಯ ಸ್ಥಾನ 70ರಿಂದ 90ಕ್ಕೆ ಏರಿತು, ಜನ ನೇರವಾಗಿ ಆರಿಸುವ ಭೌಗೋಳಿಕ ಕ್ಷೇತ್ರಗಳ ಸ್ಥಾನ ಮಾತ್ರ 35ರಿಂದ 20ಕ್ಕೆ ಇಳಿಯಿತು!

ಈ ತಿದ್ದುಪಡಿ ಜಂಟಿ ಘೋಷಣೆಯ ಉಲ್ಲಂಘನೆಯೇ ಅಂದರೆ, ಖಚಿತ ಉತ್ತರ ಇಲ್ಲ. ಬ್ರಿಟನ್ ಹೌದು ಎನ್ನುತ್ತದೆ, ಚೀನಾ ತನ್ನ ಆಂತರಿಕ ವಿಷಯ ಎನ್ನುತ್ತದೆ. ತೀರ್ಪು ಕೊಡುವ ವ್ಯವಸ್ಥೆ ಘೋಷಣೆಯಲ್ಲೇ ಇಲ್ಲ. ಹಾಗಾಗಿ "ಉಲ್ಲಂಘನೆ" ಎಂದು ಸುಮ್ನೆ ಬರೆಯಬೇಡಿ, ಯಾರ ವಾದ ಎಂದು ಜೊತೆಗೆ ಹಾಕಿ.