ಕಳ್ಳರ ಕಣ್ಣು ತಾಮ್ರದ ಮೇಲೆ: ಬಾನುಲಿ ಕೇಂದ್ರಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕುಷ್ಟಗಿ ಕಡೆಯ ಸಮುದಾಯ ಬಾನುಲಿ. ರಾತ್ರಿ ಯಾರೋ ಮಾಳಿಗೆ ಹತ್ತಿ ಆಂಟೆನಾ ಕೇಬಲ್ ಕೊಯ್ದು ಒಯ್ದಿದ್ದಾರೆ. ಒಳಗಿನ 50 ವಾಟ್ ಟ್ರಾನ್ಸ್‌ಮಿಟರ್ ಹಾಗೇ ಇದೆ. ಉಳಿದದ್ದಕ್ಕೆ ತುಂಡು ಸೇರಿಸಿ ಪ್ರಸಾರ ಶುರು ಮಾಡಬಹುದೇ?

ಉತ್ತರ: ಮೊದಲು ಟ್ರಾನ್ಸ್‌ಮಿಟರಿನ ಪ್ಲಗ್ ಕಿತ್ತಿಡಿ. ಕರೆಂಟು ಹೋಗಿ ಬಂದಾಗ ಅದು ತಾನಾಗಿಯೇ ಚಾಲೂ ಆಗುವುದುಂಟು. ಆಂಟೆನಾ ಇಲ್ಲದಿದ್ದರೆ ಹೊರಟ ಶಕ್ತಿಯೆಲ್ಲ ಯಂತ್ರಕ್ಕೇ ತಿರುಗಿ ಬರುತ್ತದೆ. ರಕ್ಷಣಾ ಸರ್ಕ್ಯೂಟ್ ಸರಿಯಿಲ್ಲದಿದ್ದರೆ ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಕಳ್ಳ ಒಯ್ದ ಕೇಬಲ್‌ಗಿಂತ ಆ ನಷ್ಟವೇ ದೊಡ್ಡದು.

ತಂತಿ ತಿರುವಿ, ಟೇಪ್ ಸುತ್ತಿ ಜೋಡಿಸಲೇಬೇಡಿ. ಅಂಥ ಜೋಡಣೆಯಲ್ಲಿ ಕೇಬಲ್‌ನ 50 ಓಮ್ ಇಂಪೀಡೆನ್ಸ್ (ಯಂತ್ರಕ್ಕೂ ಆಂಟೆನಾಗೂ ಹೊಂದಬೇಕಾದ ಗುಣ) ಕೆಡುತ್ತದೆ, ಮಳೆಗೆ ನೀರಿಳಿದು ಒಳಗಿನ ತಾಮ್ರ ಕಪ್ಪಾಗುತ್ತದೆ. ಇಡೀ ಕೇಬಲ್ ಹೊಸದು ಹಾಕುವುದೇ ಸರಿ. ಅದು ಬರುವ ತನಕ ತಾತ್ಕಾಲಿಕವಾಗಿ ಅದೇ ಜಾತಿಯ ತುಂಡನ್ನು ಎನ್-ಕನೆಕ್ಟರ್ (ತಿರುಪಿ ಬಿಗಿಯುವ ಕೇಬಲ್ ಕನೆಕ್ಟರ್) ಹಾಕಿ ಸೇರಿಸಬಹುದು. ಜೋಡಣೆಗೆ ರಬ್ಬರ್ ಟೇಪ್ ಸುತ್ತಿ, ಮೇಲೆ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಹೆಂಚು ಹೊದಿಸಿದಂತೆ ನೀರು ಹೊರಕ್ಕೇ ಜಾರುತ್ತದೆ. ಕೇಬಲ್ ಜಗ್ಗಿದಾಗ ಆಂಟೆನಾ ತುದಿಯ ಕನೆಕ್ಟರ್ ಸಡಿಲಾಗಿರಬಹುದು, ಅದನ್ನೂ ನೋಡಿ.

ಆಮೇಲೆ 5 ವಾಟ್‌ನಲ್ಲಿ ಪರೀಕ್ಷಿಸಿ. ಮರಳಿ ಬರುವ ಶಕ್ತಿ 0.2 ವಾಟ್ ಒಳಗಿದ್ದರೆ (ಶೇ 4, ಅಂದರೆ ಕೇಬಲ್-ಆಂಟೆನಾ ಹೊಂದಾಣಿಕೆ ತೋರಿಸುವ ಎಸ್‌ಡಬ್ಲ್ಯುಆರ್ ಅಳತೆಯಲ್ಲಿ 1.5) ಹಂತಹಂತವಾಗಿ ಏರಿಸಿ. ಮೀಟರಿನ ಮುಳ್ಳು ಹೆಚ್ಚು ತೋರಿಸಿದರೆ ಅಲ್ಲೇ ನಿಲ್ಲಿಸಿ.

ಹೊಸ ಕೇಬಲನ್ನು ಕೈಗೆಟಕುವಷ್ಟು ಎತ್ತರದವರೆಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ಹಾಯಿಸಿ, ಪೈಪಿನ ಕ್ಲಾಂಪ್‌ಗಳಿಗೆ ವೆಲ್ಡಿಂಗ್ ಮಾಡಿಸಿ. ಅರ್ಥಿಂಗ್‌ನ ತಾಮ್ರದ ಪಟ್ಟಿಯೂ ಹೋಗಿದೆಯೇ ನೋಡಿ. ಹೋಗಿದ್ದರೆ ಜಿಐ ಪಟ್ಟಿ ಹಾಕಿಸಿ. ಗುಜರಿಯಲ್ಲಿ ಅದಕ್ಕೆ ತಾಮ್ರದ ಬೆಲೆಯಿಲ್ಲ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮೊದಲೇ ಈ ಕೆಲಸ ಮುಗಿಯಬೇಕು.

ಪ್ರಶ್ನೆ: ಬಾಗಿಲು ಮುರಿದು ಟ್ರಾನ್ಸ್‌ಮಿಟರ್, ಕಂಪ್ಯೂಟರ್ ಎರಡನ್ನೂ ಒಯ್ದರೆ ಮೊದಲು ಏನು ಮಾಡಬೇಕು? (ಮಾನ್ವಿ)

ಉತ್ತರ: ಏನನ್ನೂ ಮುಟ್ಟದೆ, ಮುರಿದ ಬೀಗ-ಚಿಲಕದ ಫೋಟೊ ತೆಗೆದುಕೊಳ್ಳಿ. ಬಲವಂತವಾಗಿ ಒಳನುಗ್ಗಿದ ಗುರುತು ಇಲ್ಲದಿದ್ದರೆ ವಿಮೆಯವರು ಸಾಮಾನ್ಯವಾಗಿ ತಕರಾರು ತೆಗೆಯುತ್ತಾರೆ. ದೂರಿನಲ್ಲಿ ಕಂಪನಿ, ಮಾದರಿ, ಸೀರಿಯಲ್ ನಂಬರ್ ಬರೆಯಿರಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ನೇ ಕಲಂ ಹಾಗೆ ಹೇಳುತ್ತದೆ. ಪ್ರಸಾರವಾದ ಕಾರ್ಯಕ್ರಮಗಳನ್ನು ಮೂರು ತಿಂಗಳು ಕಾಯ್ದಿಡುವುದು ಸಮುದಾಯ ಬಾನುಲಿಯ ಷರತ್ತು. ಹಾಗಾಗಿ ಕಂಪ್ಯೂಟರ್ ಜೊತೆ ರೆಕಾರ್ಡಿಂಗ್ ಹೋಗಿದ್ದನ್ನೂ ದೂರಿನಲ್ಲಿ ಸೇರಿಸಿ. ಎಫ್‌ಐಆರ್ ಪ್ರತಿಯೊಡನೆ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ವೈರ್‌ಲೆಸ್ ಲೈಸೆನ್ಸ್ ಕೊಟ್ಟ ಕಚೇರಿಗೂ ಪತ್ರ ಬರೆಯಿರಿ. ಅವರ ಲಿಖಿತ ಉತ್ತರ ಬರುವ ಮುನ್ನ ಯಾರದೋ ಟ್ರಾನ್ಸ್‌ಮಿಟರ್ ತಂದು ಹಚ್ಚಬೇಡಿ.

ಪ್ರಶ್ನೆ: ಇನ್ವರ್ಟರ್ ಬ್ಯಾಟರಿಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದೇ? (ಸಿರುಗುಪ್ಪ)

ಉತ್ತರ: ಪೂರಾ ಮುಚ್ಚಿದ ಪೆಟ್ಟಿಗೆ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ. ಅದು ತುಂಬಿಕೊಂಡಾಗ ಒಂದು ಕಿಡಿ ಸಾಕು. ನಾಲ್ಕೂ ಬದಿ ಜಾಲರಿ ಇರುವ ಪಂಜರ ಮಾಡಿಸಿ, ಆಂಕರ್ ಬೋಲ್ಟ್ ಹಾಕಿ ಗೋಡೆಗೆ ಬಿಗಿಯಿರಿ. ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಅದೇ ಇನ್ವರ್ಟರ್ ಮೇಲೆ ನಡೆಯಲಿ, ಆದರೆ ಬೇರೆ ಕೋಣೆಯಲ್ಲಿರಲಿ.